ಎಣ್ಣೆ ಹಡಗು ನಿಯೋಶೋ: ಪರ್ಲ್ ಹಾರ್ಬರ್‌ನಿಂದ ಕೋರಲ್ ಸಮುದ್ರದವರೆಗೆ

ಎರಡನೇ ಮಹಾಯುದ್ಧದ ಸಮುದ್ರ ಕಾಳಗಗಳ ಬಗ್ಗೆ ಓದುವಾಗ ನಮ್ಮ ಗಮನವೆಲ್ಲ ವಿಮಾನವಾಹಕ ನೌಕೆಗಳ ಮೇಲೆ. ಯಾವ ನೌಕೆಯಲ್ಲಿ ಎಷ್ಟು ವಿಮಾನ, ಯಾರು ಮೊದಲು ಬಾಂಬ್ ಹಾಕಿದರು, ಯಾರದು ಮುಳುಗಿತು ಅಂತ ಲೆಕ್ಕ ಹಾಕುತ್ತೇವೆ. ಟ್ಯಾಂಕಿನಲ್ಲಿ ಎಣ್ಣೆ ಎಷ್ಟು ಉಳಿದಿತ್ತು ಅಂತ ಕೇಳುವವರು ಕಡಿಮೆ. ಆದರೆ ಆ ನೌಕೆಗಳ ಮೇಲಿದ್ದ ಅಡ್ಮಿರಲ್‌ಗಳು ದಿನಾ ಬೆಳಗ್ಗೆ ಕೇಳುತ್ತಿದ್ದದ್ದು ಅದನ್ನೇ.

ಅಮೆರಿಕದ ನೌಕಾಪಡೆಯಲ್ಲಿ 'ನಿಯೋಶೋ' ಅಂತ ಒಂದು ಟ್ಯಾಂಕರ್ ಇತ್ತು. 1939ರ ಆಗಸ್ಟ್‌ನಲ್ಲಿ ಸೇವೆಗೆ ಸೇರಿತು, 1942ರ ಮೇ ತಿಂಗಳಲ್ಲಿ ಮುಗಿದುಹೋಯಿತು. ಮೂರು ವರ್ಷವೂ ಬಾಳಲಿಲ್ಲ. ಅಷ್ಟರಲ್ಲೇ ಪರ್ಲ್ ಹಾರ್ಬರ್ ದಾಳಿಯ ನಟ್ಟನಡುವೆ ಸಿಕ್ಕಿ ಪಾರಾಯಿತು, ಕೋರಲ್ ಸಮುದ್ರದ ಕಾಳಗದಲ್ಲಿ ವಿಮಾನವಾಹಕ ಅಂತ ತಪ್ಪು ತಿಳಿದ ಜಪಾನಿಗಳ ಬಾಂಬಿಗೆ ಸಿಕ್ಕಿತು. ಪುಸ್ತಕಗಳಲ್ಲಿ ಇದಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಪ್ಯಾರಾ, ಅದೂ ಜಪಾನಿಗಳು ಮಾಡಿದ ತಪ್ಪಿನ ಉದಾಹರಣೆಯಾಗಿ. ನನಗೆ ಅದು ಅನ್ಯಾಯ ಅನಿಸುತ್ತದೆ. ಪೆಸಿಫಿಕ್ ಯುದ್ಧದ ಮೊದಲ ಆರು ತಿಂಗಳು ಅಮೆರಿಕದ ಹಡಗುಗಳು ಎಲ್ಲಿಯವರೆಗೆ ಹೋಗಬಹುದು ಅಂತ ತೀರ್ಮಾನಿಸುತ್ತಿದ್ದದ್ದು ಇಂಥ ಬೆರಳೆಣಿಕೆಯ ಟ್ಯಾಂಕರ್‌ಗಳೇ.

ಎಣ್ಣೆ ಯಾಕೆ ಅಷ್ಟು ಬೇಕು?

ಮೊದಲು ದೂರ ನೋಡಿ. ಹವಾಯಿಯ ಪರ್ಲ್ ಹಾರ್ಬರ್‌ನಿಂದ ಆಸ್ಟ್ರೇಲಿಯಾದ ಈಶಾನ್ಯಕ್ಕಿರುವ ಕೋರಲ್ ಸಮುದ್ರಕ್ಕೆ ಆರು ಸಾವಿರ ಕಿಲೋಮೀಟರ್ ಹತ್ತಿರ. ಅಲ್ಲಿಗೆ ಹೋಗಿ, ವಾರಗಟ್ಟಲೆ ಸುತ್ತಾಡಿ, ಕಾದಾಡಿ, ವಾಪಸ್ ಬರಬೇಕು. ವಿಮಾನವಾಹಕದಂಥ ದೊಡ್ಡ ಹಡಗಿಗೆ ಹೊಟ್ಟೆ ದೊಡ್ಡದು, ಅದು ಹೇಗೋ ತಾಳಿಕೊಳ್ಳುತ್ತದೆ. ಆದರೆ ಅದು ಒಂಟಿಯಾಗಿ ಹೋಗುವ ಹಾಗಿಲ್ಲ. ಸಬ್‌ಮೆರೀನ್‌ಗಳಿಂದ ಕಾಯಲು ಸುತ್ತ ಡೆಸ್ಟ್ರಾಯರ್‌ಗಳು ಬೇಕು. ಡೆಸ್ಟ್ರಾಯರ್ ಸಣ್ಣ ಹಡಗು, ದೊಡ್ಡ ಎಂಜಿನ್. ಕೆಲವೇ ದಿನಗಳಿಗೊಮ್ಮೆ ಅದಕ್ಕೆ ಎಣ್ಣೆ ಬೇಕೇ ಬೇಕು.

ಮುಖ್ಯ ಸಮಸ್ಯೆ ವೇಗದ್ದು. ಹಡಗಿನ ವೇಗ ದುಪ್ಪಟ್ಟಾದರೆ ಎಂಜಿನ್‌ಗೆ ಬೇಕಾದ ಶಕ್ತಿ ದುಪ್ಪಟ್ಟಾದರೆ ಸಾಲದು, ಹೆಚ್ಚುಕಡಿಮೆ ಎಂಟು ಪಟ್ಟಾಗಬೇಕು. ದಾರಿ ಅರ್ಧ ಸಮಯದಲ್ಲಿ ಮುಗಿಯುತ್ತದೆ ನಿಜ. ಆದರೂ ಪ್ರತಿ ಮೈಲಿಗೆ ಸುಡುವ ಎಣ್ಣೆ ನಾಲ್ಕು ಪಟ್ಟು. ವಿಮಾನ ಹಾರಿಸಬೇಕಾದರೆ, ಇಳಿಸಬೇಕಾದರೆ ವಿಮಾನವಾಹಕ ಗಾಳಿಗೆ ಮುಖ ಮಾಡಿ ಜೋರಾಗಿ ಓಡಬೇಕು. ಸುತ್ತಲಿನ ಡೆಸ್ಟ್ರಾಯರ್‌ಗಳೂ ಅದರ ಜೊತೆ ಓಡಬೇಕು. ಒಂದು ದಿನದ ಕಾಳಗದಲ್ಲಿ ಒಂದು ವಾರದ ಎಣ್ಣೆ ಖರ್ಚಾದರೆ ಆಶ್ಚರ್ಯವಿಲ್ಲ.

ಎಣ್ಣೆ ಸಿಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಯುದ್ಧದ ಮೊದಲ ತಿಂಗಳೇ ಸಾಕ್ಷಿ. 1941ರ ಡಿಸೆಂಬರ್‌ನಲ್ಲಿ ವೇಕ್ ದ್ವೀಪದ ಅಮೆರಿಕನ್ ಸೈನಿಕರನ್ನು ಜಪಾನಿಗಳು ಮುತ್ತಿದ್ದರು. ಸಹಾಯಕ್ಕೆ ಸರಟೋಗ ಅನ್ನುವ ವಿಮಾನವಾಹಕದ ತಂಡ ಹೊರಟಿತು. ಮುಖ್ಯಸ್ಥ ಅಡ್ಮಿರಲ್ ಫ್ರಾಂಕ್ ಜ್ಯಾಕ್ ಫ್ಲೆಚರ್. ಜೊತೆಗಿದ್ದ ಟ್ಯಾಂಕರ್ 'ನೆಚಿಸ್' ಹಳೆಯದು, 13 ನಾಟ್‌ಗಿಂತ, ಅಂದರೆ ಗಂಟೆಗೆ 24 ಕಿಲೋಮೀಟರಿಗಿಂತ ಜಾಸ್ತಿ ಓಡಲಾರದು. ಇಡೀ ತಂಡ ಅದರ ವೇಗಕ್ಕೆ ಇಳಿಯಬೇಕಾಯಿತು. ಡಿಸೆಂಬರ್ 22ರಂದು ಡೆಸ್ಟ್ರಾಯರ್‌ಗಳಿಗೆ ಎಣ್ಣೆ ತುಂಬಿಸಲು ಕೂತರೆ ಅಲೆಗಳ ಹೊಡೆತಕ್ಕೆ ಹಗ್ಗ ತುಂಡಾಗುವುದು, ಪೈಪ್ ಕಿತ್ತುಹೋಗುವುದು. ಮರುದಿನ ವೇಕ್ ಶರಣಾಯಿತು. ಫ್ಲೆಚರ್ ಅವತ್ತು ನಿಂತು ಎಣ್ಣೆ ತುಂಬಿಸಿದ್ದು ಸರಿಯೋ ತಪ್ಪೋ ಅಂತ ಇತಿಹಾಸಕಾರರು ಇವತ್ತಿಗೂ ವಾದ ಮಾಡುತ್ತಾರೆ. ಹೊರಗಿನಿಂದ ಹೇಳುವುದು ಸುಲಭ, ಅಲ್ವಾ? ಟ್ಯಾಂಕ್ ಖಾಲಿಯಾದ ಡೆಸ್ಟ್ರಾಯರ್ ಶತ್ರುವಿನ ಎದುರು ನಿಂತರೆ ಅದು ತೇಲುವ ಗುರಿ, ಅಷ್ಟೇ.

ಒಂದು ತಿಂಗಳ ನಂತರ, 1942ರ ಜನವರಿ 23ರಂದು, ಅದೇ ನೆಚಿಸ್ ಅನ್ನು ಜಪಾನಿನ ಸಬ್‌ಮೆರೀನ್ ಒಂದು ಮುಳುಗಿಸಿತು. ಲೆಕ್ಸಿಂಗ್ಟನ್ ವಿಮಾನವಾಹಕ ವೇಕ್ ಮೇಲೆ ದಾಳಿ ಮಾಡಲು ಹೊರಟಿತ್ತು. ಎಣ್ಣೆ ಕೊಡುವ ಹಡಗೇ ಇಲ್ಲ ಅಂದಮೇಲೆ ದಾಳಿ ರದ್ದು. ಒಂದು ವಿಮಾನವಾಹಕ, ಅದರ ವಿಮಾನಗಳು, ಸುತ್ತಲಿನ ಕ್ರೂಸರ್ ಡೆಸ್ಟ್ರಾಯರ್‌ಗಳು ಎಲ್ಲ ಸುಸ್ಥಿತಿಯಲ್ಲಿದ್ದೂ ಸುಮ್ನೆ ಹಿಂತಿರುಗಿದವು.

ವೇಗದ ಟ್ಯಾಂಕರ್ ಹುಟ್ಟಿದ್ದು ಹೇಗೆ?

ನಿಯೋಶೋ ಕಟ್ಟಿದ್ದೇ ಈ ತೊಂದರೆ ತಪ್ಪಿಸಲು. ಅದರ ಹಿಂದಿನ ವ್ಯವಹಾರ ಸ್ವಾರಸ್ಯಕರವಾಗಿದೆ. 1930ರ ದಶಕದಲ್ಲಿ ವ್ಯಾಪಾರದ ಟ್ಯಾಂಕರ್‌ಗಳು ನಿಧಾನಕ್ಕೆ ಓಡುತ್ತಿದ್ದವು. ಎಣ್ಣೆ ಕಂಪನಿಗೆ ಅವಸರವೇನಿದೆ? ವೇಗ ಅಂದರೆ ಖರ್ಚು. ನೌಕಾಪಡೆಗೆ ಮಾತ್ರ ಯುದ್ಧನೌಕೆಗಳ ಜೊತೆ ಓಡಬಲ್ಲ ಟ್ಯಾಂಕರ್ ಬೇಕಿತ್ತು, ಆದರೆ ಶಾಂತಿಕಾಲದಲ್ಲಿ ಅಷ್ಟು ಹಡಗು ಕಟ್ಟಿ ಇಟ್ಟುಕೊಳ್ಳಲು ದುಡ್ಡಿರಲಿಲ್ಲ. ಆಗ ಒಂದು ಒಪ್ಪಂದವಾಯಿತು. ಸ್ಟ್ಯಾಂಡರ್ಡ್ ಆಯಿಲ್ ಆಫ್ ನ್ಯೂಜೆರ್ಸಿ ಕಂಪನಿ 12 ಟ್ಯಾಂಕರ್ ಕಟ್ಟಿಸುವುದು. ಅವಕ್ಕೆ ವ್ಯಾಪಾರಕ್ಕೆ ಬೇಕಾದ್ದಕ್ಕಿಂತ ದೊಡ್ಡ ಎಂಜಿನ್, ಎರಡು ಪ್ರೊಪೆಲರ್. ಆ ಹೆಚ್ಚುವರಿ ಶಕ್ತಿಯ ಖರ್ಚನ್ನು ಸರ್ಕಾರದ ಮ್ಯಾರಿಟೈಮ್ ಕಮಿಷನ್ ಕೊಡುವುದು. ಯುದ್ಧ ಬಂದರೆ ಹಡಗು ನೌಕಾಪಡೆಗೆ. ನಡೆದದ್ದೇ ಬೇರೆ: ಯುದ್ಧ ಬರುವ ಮೊದಲೇ, 1939ರಲ್ಲೇ, ಸಿಮರಾನ್, ನಿಯೋಶೋ, ಪ್ಲಾಟ್ ಹಡಗುಗಳು ನೌಕಾಪಡೆಗೆ ಸೇರಿಬಿಟ್ಟವು. ಈ ಮಾದರಿಗೆ ಸಿಮರಾನ್ ವರ್ಗ ಅಂತಲೇ ಹೆಸರು. ಹಡಗಿನ ಮೈಕಟ್ಟು ಎಷ್ಟು ಚೆನ್ನಾಗಿತ್ತು ಅಂದರೆ, ಮುಂದೆ ಇದೇ ವರ್ಗದ ನಾಲ್ಕು ಟ್ಯಾಂಕರ್‌ಗಳ ಮೇಲೆ ಓಡುದಾರಿ ಕೂರಿಸಿ ಸಣ್ಣ ವಿಮಾನವಾಹಕಗಳನ್ನಾಗಿ ಮಾಡಿದರು.

ನ್ಯೂಜೆರ್ಸಿಯ ಕಿಯರ್ನಿಯಲ್ಲಿದ್ದ ಫೆಡರಲ್ ಶಿಪ್‌ಬಿಲ್ಡಿಂಗ್ ಕಾರ್ಖಾನೆಯಲ್ಲಿ 1938ರ ಜೂನ್ 22ರಂದು ನಿಯೋಶೋದ ಕೆಲಸ ಶುರುವಾಯಿತು. 1939ರ ಏಪ್ರಿಲ್ 29ರಂದು ನೀರಿಗಿಳಿಯಿತು. ಆಗಸ್ಟ್ 7ರಂದು ಸೇವೆಗೆ ಸೇರಿತು. ಹೆಸರು ಕ್ಯಾನ್ಸಸ್, ಒಕ್ಲಹೋಮ ರಾಜ್ಯಗಳಲ್ಲಿ ಹರಿಯುವ ಒಂದು ನದಿಯದು. ಅಮೆರಿಕದ ನೌಕಾಪಡೆ ತನ್ನ ಟ್ಯಾಂಕರ್‌ಗಳಿಗೆ ನದಿಗಳ ಹೆಸರಿಡುತ್ತಿತ್ತು. ಉದ್ದ 553 ಅಡಿ, ಅಗಲ 75 ಅಡಿ, ವೇಗ 18 ನಾಟ್, ಅಂದರೆ ಗಂಟೆಗೆ 33 ಕಿಲೋಮೀಟರ್. ಹೊಟ್ಟೆಯಲ್ಲಿ ಸುಮಾರು 1,46,000 ಬ್ಯಾರೆಲ್ ಹಿಡಿಯುತ್ತಿತ್ತು. ನಮ್ಮ ಹೆದ್ದಾರಿಗಳಲ್ಲಿ ಓಡುವ 20,000 ಲೀಟರಿನ ಟ್ಯಾಂಕರ್ ಲಾರಿಗಳ ಲೆಕ್ಕದಲ್ಲಿ ಸಾವಿರಕ್ಕೂ ಜಾಸ್ತಿ ಲಾರಿ.

18 ನಾಟ್ ಅಂದರೆ ಯುದ್ಧನೌಕೆಗಳ ಪೂರ್ತಿ ವೇಗದ ಹತ್ತಿರಕ್ಕೂ ಬರುವುದಿಲ್ಲ. ಆದರೆ ತಂಡ ಮಾಮೂಲಿಯಾಗಿ ಸಾಗುವ ವೇಗಕ್ಕೆ ಸಾಕು. ನೆಚಿಸ್‌ಗಿಂತ ಐದು ನಾಟ್ ಹೆಚ್ಚು ಅನ್ನುವುದು ಸಣ್ಣ ಸಂಖ್ಯೆಯಂತೆ ಕಾಣಬಹುದು. ಒಂದು ದಿನಕ್ಕೆ ಅದು 120 ನಾಟಿಕಲ್ ಮೈಲಿ, 220 ಕಿಲೋಮೀಟರ್.

ಓಡುತ್ತಲೇ ಎಣ್ಣೆ ತುಂಬಿಸುವುದು

ಸಮುದ್ರದ ಮಧ್ಯೆ ಒಂದು ಹಡಗಿನಿಂದ ಇನ್ನೊಂದಕ್ಕೆ ಎಣ್ಣೆ ಹೇಗೆ ಕೊಡುತ್ತಾರೆ? ನಿಂತು ಕೊಡಲು ಆಗುವುದಿಲ್ಲ. ನಿಂತ ಹಡಗು ಅಲೆಗೆ ಸಿಕ್ಕಿ ಅಡ್ಡಾದಿಡ್ಡಿ ತಿರುಗುತ್ತದೆ, ಪಕ್ಕದ ಹಡಗಿಗೆ ಗುದ್ದುತ್ತದೆ. ಸಬ್‌ಮೆರೀನ್‌ಗೆ ಅದಕ್ಕಿಂತ ಒಳ್ಳೆಯ ಗುರಿ ಸಿಗಲಾರದು. ಹಾಗಾಗಿ ಎರಡೂ ಹಡಗು ಅಕ್ಕಪಕ್ಕ, ಒಂದೇ ದಿಕ್ಕಿನಲ್ಲಿ, ಒಂದೇ ವೇಗದಲ್ಲಿ ಓಡುತ್ತವೆ. ಆ ಕಾಲದಲ್ಲಿ ಸುಮಾರು 8ರಿಂದ 12 ನಾಟ್. ನಡುವಿನ ಜಾಗ ಕೆಲವು ಹತ್ತು ಅಡಿ ಮಾತ್ರ.

ಮೊದಲು ಒಂದು ಸಣ್ಣ ಹಗ್ಗ ಎಸೆಯುತ್ತಾರೆ. ಅದಕ್ಕೆ ಕಟ್ಟಿದ ದಪ್ಪ ಹಗ್ಗವನ್ನು ಎಳೆದುಕೊಳ್ಳುತ್ತಾರೆ. ಕೊನೆಗೆ ಟ್ಯಾಂಕರ್‌ನ ಕ್ರೇನಿನಂಥ ತೋಳಿನಿಂದ ಜೋತುಬಿದ್ದ ರಬ್ಬರ್ ಪೈಪ್ ಆಚೆ ಹೋಗುತ್ತದೆ. ಅದನ್ನು ಕಟ್ಟಿ ಪಂಪ್ ಶುರು ಮಾಡುತ್ತಾರೆ. ಹೇಳುವಾಗ ಸುಲಭ. ಆದರೆ ಹತ್ತಿರ ಹತ್ತಿರ ಓಡುವ ಎರಡು ಹಡಗುಗಳ ನಡುವಿನ ನೀರು ಇಕ್ಕಟ್ಟಿನಲ್ಲಿ ಜೋರಾಗಿ ನುಗ್ಗುತ್ತದೆ. ಜೋರಾಗಿ ಹರಿಯುವ ನೀರಿನ ಒತ್ತಡ ಕಡಿಮೆ. ಹೊರಬದಿಯ ಹೆಚ್ಚಿನ ಒತ್ತಡ ಹಡಗುಗಳನ್ನು ಒಂದರ ಕಡೆಗೆ ಒಂದು ತಳ್ಳುತ್ತದೆ. ಅದೇ ಹೊತ್ತಿಗೆ ಮೂತಿಯ ಹತ್ತಿರದ ಅಲೆ ಆಚೆಗೆ ನೂಕುತ್ತದೆ. ಚುಕ್ಕಾಣಿ ಹಿಡಿದವನು ಗಂಟೆಗಟ್ಟಲೆ ಈ ಎರಡರ ಮಧ್ಯೆ ಹಡಗನ್ನು ನೇರ ಇಟ್ಟುಕೊಳ್ಳಬೇಕು. ಒಂದು ಡಿಗ್ರಿ ತಪ್ಪಿದರೂ ಹಗ್ಗ ಹರಿಯುತ್ತದೆ ಇಲ್ಲವೇ ಮೈಗೆ ಮೈ ತಾಗುತ್ತದೆ. ಶತ್ರು ವಿಮಾನ ಕಂಡರೆ ಹಗ್ಗ ಕಡಿದು ಓಡಲು ಕೊಡಲಿ ಕೈಗೆ ಸಿಗುವ ಹಾಗೆ ಇಟ್ಟುಕೊಂಡಿರುತ್ತಿದ್ದರು.

ಈ ವಿದ್ಯೆಯನ್ನು ಅಮೆರಿಕನ್ನರು ಕಲಿತದ್ದು 1917ರಲ್ಲಿ, ಮೊದಲ ಮಹಾಯುದ್ಧದಲ್ಲಿ. ಅಟ್ಲಾಂಟಿಕ್ ದಾಟಿ ಐರ್ಲೆಂಡಿಗೆ ಹೋಗುತ್ತಿದ್ದ ಡೆಸ್ಟ್ರಾಯರ್‌ಗಳಿಗೆ 'ಮೌಮಿ' ಅನ್ನುವ ಟ್ಯಾಂಕರ್ ದಾರಿಯಲ್ಲೇ ಎಣ್ಣೆ ಕೊಟ್ಟಿತು. ಅದರ ಪೈಪ್, ಹಗ್ಗಗಳ ಏರ್ಪಾಡು ಮಾಡಿದ ಅಧಿಕಾರಿಗಳಲ್ಲಿ ಚೆಸ್ಟರ್ ನಿಮಿಟ್ಜ್ ಒಬ್ಬರು. ಇಪ್ಪತ್ತೈದು ವರ್ಷದ ನಂತರ ಇಡೀ ಪೆಸಿಫಿಕ್ ನೌಕಾಪಡೆಯ ದಂಡನಾಯಕರಾದವರು ಇವರೇ. ಡೆಸ್ಟ್ರಾಯರ್‌ಗೆ ಕೊಡಬಹುದು, ವಿಮಾನವಾಹಕದಂಥ ದೈತ್ಯ ಹಡಗಿನ ಪಕ್ಕ ಓಡುವುದು ಅಪಾಯ ಅನ್ನುವ ಅನುಮಾನ ಬಹಳ ಕಾಲ ಇತ್ತು. 1939ರ ಪ್ರಯೋಗಗಳ ನಂತರವೇ ಅದು ಹೋದದ್ದು. ಅಂದರೆ ನಿಯೋಶೋ ಸೇವೆಗೆ ಸೇರಿದ ವರ್ಷ. ಇವತ್ತು ಜಗತ್ತಿನ ದೊಡ್ಡ ನೌಕಾಪಡೆಗಳೆಲ್ಲ ಹೀಗೇ ಮಾಡುತ್ತವೆ. 2014ರ ಜನವರಿಯಲ್ಲಿ ರಷ್ಯಾದಿಂದ ನಮ್ಮ ಕಾರವಾರಕ್ಕೆ ಬಂದು ಸೇರಿದ ವಿಕ್ರಮಾದಿತ್ಯದ ಪ್ರಯಾಣದಲ್ಲೂ ಭಾರತದ ಟ್ಯಾಂಕರ್ 'ದೀಪಕ್' ಜೊತೆಗಿತ್ತು. ಫೋಟೋಗಳಲ್ಲಿ ಎಲ್ಲರೂ ನೋಡಿದ್ದು ಮಾತ್ರ ವಿಕ್ರಮಾದಿತ್ಯವನ್ನೇ.

ಪರ್ಲ್ ಹಾರ್ಬರ್‌ನ ಆ ಬೆಳಗ್ಗೆ

ನೌಕಾಪಡೆಗೆ ಬೇಕಾದ ಮಾರ್ಪಾಡುಗಳೆಲ್ಲ ಮುಗಿದದ್ದು 1941ರ ಜುಲೈನಲ್ಲಿ. ಆಮೇಲೆ ನಿಯೋಶೋದ ಕೆಲಸ ಅಮೆರಿಕದ ಪಶ್ಚಿಮ ಕರಾವಳಿಯಿಂದ ಪರ್ಲ್ ಹಾರ್ಬರ್‌ಗೆ ವಿಮಾನದ ಪೆಟ್ರೋಲ್ ಸಾಗಿಸುವುದು. ಡಿಸೆಂಬರ್ 6ರಂದು ಇಂಥದ್ದೇ ಒಂದು ಟ್ರಿಪ್ ಮುಗಿಸಿ ಬಂತು. ಬಂದರಿನ ನಡುವಿನ ಫೋರ್ಡ್ ದ್ವೀಪದ ಪೆಟ್ರೋಲ್ ಕಟ್ಟೆಗೆ ಕಟ್ಟಿಕೊಂಡು, ಅಲ್ಲಿನ ವಿಮಾನ ನೆಲೆಗೆ ಪೆಟ್ರೋಲ್ ಇಳಿಸತೊಡಗಿತು.

ಆ ಕಟ್ಟೆ ಇದ್ದ ಜಾಗ ನೋಡಿ. ಫೋರ್ಡ್ ದ್ವೀಪದ ಅಂಚಿನಲ್ಲಿ ಅಮೆರಿಕದ ಬ್ಯಾಟಲ್‌ಶಿಪ್‌ಗಳು ಸಾಲಾಗಿ ನಿಂತಿದ್ದವು. ಒಂದು ಕಡೆ ಮೇರಿಲ್ಯಾಂಡ್, ಒಕ್ಲಹೋಮ. ಇನ್ನೊಂದು ಕಡೆ ಕ್ಯಾಲಿಫೋರ್ನಿಯ. ಮಧ್ಯದಲ್ಲಿ ಪೆಟ್ರೋಲ್ ಹೊತ್ತ ನಿಯೋಶೋ. 7ರ ಬೆಳಗ್ಗೆ ಎಂಟಕ್ಕೆ ಸ್ವಲ್ಪ ಮೊದಲು ಜಪಾನಿನ ವಿಮಾನಗಳು ಬಂದವು. ಟಾರ್ಪೆಡೊ ತಗುಲಿ ಒಕ್ಲಹೋಮ ಮಗುಚಿಕೊಂಡಿತು. ಕ್ಯಾಲಿಫೋರ್ನಿಯಕ್ಕೂ ಟಾರ್ಪೆಡೊ ಬಿತ್ತು. ಸಾಲಿನ ಆ ತುದಿಯಲ್ಲಿ ಅರಿಜೋನ ಸ್ಫೋಟಿಸಿ ನೀರಿನ ಮೇಲೆ ಉರಿಯುವ ಎಣ್ಣೆ ಹರಡಿತು.

ಟ್ಯಾಂಕ್‌ನಲ್ಲಿ ಪೆಟ್ರೋಲ್ ಇರಲಿ, ಇಳಿಸಿದ ಮೇಲೆ ಉಳಿದ ಬರೀ ಆವಿ ಇರಲಿ, ಅಪಾಯದಲ್ಲಿ ವ್ಯತ್ಯಾಸವಿಲ್ಲ. ನಿಜ ಹೇಳಬೇಕೆಂದರೆ ಆವಿಯೇ ಹೆಚ್ಚು ಅಪಾಯ, ಗಾಳಿಯ ಜೊತೆ ಸೇರಿ ಸಿಡಿಯುವುದು ಅದೇ. ಒಂದು ಬಾಂಬ್ ನಿಯೋಶೋ ಮೇಲೆ ಬಿದ್ದಿದ್ದರೆ ಅಕ್ಕಪಕ್ಕದ ಹಡಗುಗಳು, ಕಟ್ಟೆಯ ಪೆಟ್ರೋಲ್ ಟ್ಯಾಂಕ್‌ಗಳು, ನೀರಿನಲ್ಲಿ ಈಜುತ್ತಿದ್ದ ನಾವಿಕರು ಯಾರಿಗೂ ಉಳಿಗಾಲವಿರಲಿಲ್ಲ.

ಹಡಗಿನ ಮುಖ್ಯಸ್ಥ ಕಮಾಂಡರ್ ಜಾನ್ ಫಿಲಿಪ್ಸ್ ತಡಮಾಡಲಿಲ್ಲ. ಇಷ್ಟು ದೊಡ್ಡ ಹಡಗನ್ನು ಕಟ್ಟೆಯಿಂದ ಎಳೆಯಲು ಸಾಮಾನ್ಯವಾಗಿ ಟಗ್ ದೋಣಿಗಳು ಬರಬೇಕು, ಕಟ್ಟೆಯ ಮೇಲಿನವರು ಹಗ್ಗ ಬಿಚ್ಚಬೇಕು. ಅವತ್ತು ಯಾರೂ ಇರಲಿಲ್ಲ. ನಾವಿಕರು ಹಗ್ಗಗಳನ್ನು ಕೊಡಲಿಯಿಂದ ಕಡಿದರು. 8 ಗಂಟೆ 42 ನಿಮಿಷಕ್ಕೆ ನಿಯೋಶೋ ಹಿಂದಕ್ಕೆ ಸರಿದು, ಮಗುಚಿದ ಒಕ್ಲಹೋಮದ ಪಕ್ಕದಿಂದ ಜಾಗ ಮಾಡಿಕೊಂಡು, ಬಂದರಿನ ಆಚೆಯ ಮೆರ್ರಿ ಪಾಯಿಂಟ್ ಕಡೆ ಹೊರಟಿತು. ದಾರಿಯುದ್ದಕ್ಕೂ ಅದರ ತೋಪುಗಳು ಗುಂಡು ಹಾರಿಸುತ್ತಲೇ ಇದ್ದವು. ಮೂವರಿಗೆ ಗಾಯವಾಯಿತು. ಹಡಗಿಗೆ ಹೇಳಿಕೊಳ್ಳುವ ಹಾನಿ ಆಗಲಿಲ್ಲ. ಫಿಲಿಪ್ಸ್‌ಗೆ ನೇವಿ ಕ್ರಾಸ್ ಪದಕ ಬಂತು.

ಜಪಾನಿಗಳು ಅವತ್ತು ಬಂದರಿನ ಎಣ್ಣೆ ಸಂಗ್ರಹವನ್ನೂ ಮುಟ್ಟಲಿಲ್ಲ. ದಡದ ಟ್ಯಾಂಕ್‌ಗಳಲ್ಲಿ ಸುಮಾರು 45 ಲಕ್ಷ ಬ್ಯಾರೆಲ್ ಇತ್ತು. ಅದು ಸುಟ್ಟಿದ್ದರೆ ಯುದ್ಧ ಇನ್ನೆರಡು ವರ್ಷ ಎಳೆಯುತ್ತಿತ್ತು ಅಂತ ನಿಮಿಟ್ಜ್ ಮುಂದೆ ಹೇಳಿದರು. ವಿಚಿತ್ರ ಏನೆಂದರೆ, ಎಣ್ಣೆಯ ಬೆಲೆ ಜಪಾನಿಗಳಿಗೆ ಗೊತ್ತಿಲ್ಲದ್ದೇನಲ್ಲ. ಹವಾಯಿಯವರೆಗೆ ಬರಲು ಅವರೇ ಟ್ಯಾಂಕರ್‌ಗಳ ಗುಂಪನ್ನು ಜೊತೆಗೆ ಕರೆತಂದಿದ್ದರು. ಸಾಲದ್ದಕ್ಕೆ ಕೆಲವು ಹಡಗುಗಳಲ್ಲಿ ಡ್ರಮ್ ಡ್ರಮ್ ಎಣ್ಣೆ ಪೇರಿಸಿಟ್ಟಿದ್ದರು.

ಕೋರಲ್ ಸಮುದ್ರ

1942ರ ವಸಂತದಲ್ಲಿ ನಿಯೋಶೋ ವಿಮಾನವಾಹಕಗಳ ಹಿಂದೆ ಮುಂದೆ ಸುತ್ತುತ್ತಿತ್ತು. ಮೇ ತಿಂಗಳ ಹೊತ್ತಿಗೆ ಜಪಾನಿಗಳು ನ್ಯೂಗಿನಿಯ ಪೋರ್ಟ್ ಮೋರ್ಸ್ಬಿ ಹಿಡಿಯಲು ಹೊರಟಿದ್ದಾರೆ ಅನ್ನುವ ಸುಳಿವು ಅಮೆರಿಕನ್ನರಿಗೆ ಸಿಕ್ಕಿತು. ತಡೆಯಲು ಫ್ಲೆಚರ್ ನೇತೃತ್ವದಲ್ಲಿ ಯಾರ್ಕ್‌ಟೌನ್ ಮತ್ತು ಲೆಕ್ಸಿಂಗ್ಟನ್ ಎರಡು ವಿಮಾನವಾಹಕ ಕೋರಲ್ ಸಮುದ್ರಕ್ಕೆ ಬಂದವು. ಎಣ್ಣೆಗೆ ಎರಡೇ ಟ್ಯಾಂಕರ್: ಹೊಸದಾದ ನಿಯೋಶೋ, ಹಳೆಯದಾದ ಟಿಪ್ಪೆಕನೂ. ಟಿಪ್ಪೆಕನೂ ತನ್ನ ಎಣ್ಣೆ ಕೊಟ್ಟು ಎಫಾಟೆ ದ್ವೀಪದ ಕಡೆ ಹೊರಟಿತು. ಇನ್ನು ಸ್ಥಳದಲ್ಲಿ ಉಳಿದದ್ದು ನಿಯೋಶೋ ಒಂದೇ.

ಮೇ 4ರಂದು ಯಾರ್ಕ್‌ಟೌನ್ ವಿಮಾನಗಳು ಸೊಲೊಮನ್ ದ್ವೀಪಗಳಲ್ಲಿ ಜಪಾನಿಗಳು ಹಿಡಿದಿದ್ದ ತುಲಗಿ ಮೇಲೆ ದಾಳಿ ಮಾಡಿದವು. ವಾಪಸ್ ಬಂದ ಮೇಲೆ ಮತ್ತೆ ಎಣ್ಣೆ. ಮೇ 6ರಂದು ನಿಯೋಶೋ ಪಕ್ಕ ಯಾರ್ಕ್‌ಟೌನ್ ಮತ್ತು ಆಸ್ಟೋರಿಯ ಅನ್ನುವ ಕ್ರೂಸರ್ ಹೊಟ್ಟೆ ತುಂಬಿಸಿಕೊಂಡವು. ಈ ದಿನದ್ದೊಂದು ಸಂಗತಿ ನನಗೆ ತುಂಬ ಇಷ್ಟ. ಅಮೆರಿಕನ್ನರು ಹೀಗೆ ಎಣ್ಣೆ ತುಂಬಿಸುತ್ತಿದ್ದುದನ್ನು ಬೆಳಗ್ಗೆ ಹತ್ತರ ಸುಮಾರಿಗೆ ಜಪಾನಿನ ಗಸ್ತು ವಿಮಾನವೊಂದು ನೋಡಿ ವರದಿ ಕಳಿಸಿತು. ಜಪಾನಿನ ಎರಡು ದೊಡ್ಡ ವಿಮಾನವಾಹಕಗಳು, ಶೋಕಾಕು ಮತ್ತು ಜುಇಕಾಕು, ಉತ್ತರಕ್ಕೆ ಇದ್ದವು. ಒಳ್ಳೆಯ ಅವಕಾಶ. ಆದರೆ ಅವರೂ ಆಗ ತಮ್ಮ ಟ್ಯಾಂಕರ್‌ನಿಂದ ಎಣ್ಣೆ ತುಂಬಿಸಿಕೊಳ್ಳುತ್ತಿದ್ದರು! ಪೂರ್ತಿ ತಯಾರಾಗಿ ಬೆನ್ನಟ್ಟುವ ಹೊತ್ತಿಗೆ ಸಂಜೆಯಾಯಿತು. ಒಂದು ಹಂತದಲ್ಲಿ ಎರಡೂ ತಂಡಗಳ ನಡುವೆ 70 ನಾಟಿಕಲ್ ಮೈಲಿ ಅಂತರವಷ್ಟೇ ಇತ್ತು. ಇಬ್ಬರಿಗೂ ಗೊತ್ತಾಗಲಿಲ್ಲ.

ಕಾಳಗ ಹತ್ತಿರವಾಗಿದೆ ಅನ್ನುವುದು ಫ್ಲೆಚರ್‌ಗೆ ತಿಳಿದಿತ್ತು. ನಿಧಾನದ, ಬೆಂಕಿ ಹಿಡಿಯುವ ಟ್ಯಾಂಕರ್ ಹತ್ತಿರ ಇರುವುದು ಬೇಡ ಅಂತ ನಿಯೋಶೋವನ್ನು ದಕ್ಷಿಣಕ್ಕೆ ಕಳಿಸಿದರು. ಕಾವಲಿಗೆ ಸಿಮ್ಸ್ ಅನ್ನುವ ಒಂದೇ ಡೆಸ್ಟ್ರಾಯರ್. ಲೆಕ್ಕಾಚಾರ ಸರಿಯಾಗೇ ಇತ್ತು, ಶತ್ರು ಉತ್ತರಕ್ಕಿದ್ದರೆ ದಕ್ಷಿಣ ಸುರಕ್ಷಿತ. ಆದರೆ ಜಪಾನಿನ ವಿಮಾನವಾಹಕಗಳು ಸೊಲೊಮನ್ ದ್ವೀಪಗಳನ್ನು ಪೂರ್ವದಿಂದ ಸುತ್ತುಹಾಕಿ ಕೋರಲ್ ಸಮುದ್ರದ ಒಳಕ್ಕೇ ಬಂದಿದ್ದವು. ಸುರಕ್ಷಿತ ಜಾಗ ಅಂದುಕೊಂಡದ್ದು ಅವರ ಹುಡುಕಾಟದ ವಲಯದೊಳಗೇ ಇತ್ತು.

ಮೇ 7ರ ಬೆಳಗ್ಗೆ 7 ಗಂಟೆ 22 ನಿಮಿಷಕ್ಕೆ ಶೋಕಾಕುವಿನ ಗಸ್ತು ವಿಮಾನದಿಂದ ಸಂದೇಶ ಬಂತು: ಒಂದು ವಿಮಾನವಾಹಕ, ಒಂದು ಕ್ರೂಸರ್. ಇನ್ನೊಂದು ವಿಮಾನವೂ ಹೌದು ಅಂದಿತು. ಅವರು ಕಂಡದ್ದು ನಿಯೋಶೋ ಮತ್ತು ಸಿಮ್ಸ್. ಇದನ್ನು ಓದಿದರೆ ನಗು ಬರಬಹುದು. ಆದರೆ ಮೋಡಗಳ ಸಂದಿಯಿಂದ, ಮೈಲಿಗಟ್ಟಲೆ ದೂರದಿಂದ, 550 ಅಡಿ ಉದ್ದದ ಒಂದು ಹಡಗು, ಪಕ್ಕದಲ್ಲಿ ಅದನ್ನು ಕಾಯುವ ಸಣ್ಣ ಹಡಗು. ಇವರು ಹುಡುಕುತ್ತಿದ್ದದ್ದೇ ವಿಮಾನವಾಹಕ. ಹುಡುಕುವವನಿಗೆ ಹುಡುಕಿದ್ದೇ ಕಾಣುತ್ತದೆ. ಅದೇ ದಿನ ಯಾರ್ಕ್‌ಟೌನ್‌ನ ಗಸ್ತು ವಿಮಾನವೂ ಹೀಗೇ ಎಡವಿತು. ಸಂಕೇತ ಭಾಷೆಯ ತಪ್ಪಿನಿಂದ ಎರಡು ಕ್ರೂಸರ್ ಇದ್ದ ಕಡೆ ಎರಡು ವಿಮಾನವಾಹಕ ಇವೆ ಅನ್ನುವ ವರದಿ ಕೊಟ್ಟಿತು. ಅಮೆರಿಕನ್ನರ ಅದೃಷ್ಟಕ್ಕೆ ಆ ದಾರಿಯಲ್ಲೇ ಶೋಹೋ ಎಂಬ ಸಣ್ಣ ಜಪಾನಿ ವಿಮಾನವಾಹಕ ಸಿಕ್ಕಿತು, ಅದನ್ನು ಮುಳುಗಿಸಿದರು. ಜಪಾನಿಗಳ ಅದೃಷ್ಟದಲ್ಲಿ ಇದ್ದದ್ದು ಟ್ಯಾಂಕರ್.

ಜಪಾನಿನ ಆ ಎರಡು ವಿಮಾನವಾಹಕಗಳ ಮುಖ್ಯಸ್ಥ ಅಡ್ಮಿರಲ್ ಹಾರಾ ಇದ್ದಬದ್ದ ಬಲವನ್ನೆಲ್ಲ ಕಳಿಸಿದರು. ಒಟ್ಟು 78 ವಿಮಾನ. ಸ್ವಲ್ಪ ಹೊತ್ತಿಗೇ ಬೇರೆ ಗಸ್ತು ವಿಮಾನವೊಂದು ಫ್ಲೆಚರ್‌ನ ನಿಜವಾದ ವಿಮಾನವಾಹಕಗಳನ್ನು ಬೇರೆ ದಿಕ್ಕಿನಲ್ಲಿ ಕಂಡಿತು. ಅಷ್ಟರಲ್ಲಿ ದಾಳಿ ಹೊರಟಾಗಿತ್ತು. 78 ವಿಮಾನ ಎರಡು ಗಂಟೆಗೂ ಹೆಚ್ಚು ಇಲ್ಲದ ವಿಮಾನವಾಹಕವನ್ನು ಹುಡುಕಿದವು. ತಪ್ಪು ಗೊತ್ತಾದಾಗ ಟಾರ್ಪೆಡೊ ವಿಮಾನಗಳು ಮತ್ತು ಫೈಟರ್‌ಗಳು ಹಿಂತಿರುಗಿದವು. 36 ಡೈವ್ ಬಾಂಬರ್‌ಗಳು ಮಾತ್ರ, ಬಂದದ್ದಕ್ಕೆ ಇಷ್ಟಾದರೂ ಆಗಲಿ ಅನ್ನುವ ಹಾಗೆ, ಈ ಎರಡು ಹಡಗುಗಳ ಮೇಲೆ ಎರಗಿದವು.

ಸಿಮ್ಸ್‌ಗೆ ಮೂರು ಬಾಂಬ್ ಬಿತ್ತು. ಹಡಗು ಎರಡು ತುಂಡಾಗಿ ಕೆಲವೇ ನಿಮಿಷದಲ್ಲಿ ಮುಳುಗಿತು. 190ಕ್ಕೂ ಹೆಚ್ಚು ಜನರಲ್ಲಿ ಬದುಕಿದವರು ಹದಿನೈದರ ಆಸುಪಾಸು. ಅವರು ಒಂದು ದೋಣಿ ಹಿಡಿದು ನಿಯೋಶೋ ಸೇರಿಕೊಂಡರು. ಆದರೆ ನಿಯೋಶೋ ಗತಿಯೂ ಕೆಟ್ಟಿತ್ತು. ಏಳು ಬಾಂಬ್ ನೇರವಾಗಿ ಬಿದ್ದಿದ್ದವು. ಗುಂಡೇಟು ತಿಂದ ಒಂದು ಜಪಾನಿ ವಿಮಾನ ಹಡಗಿನ ಮೇಲೆಯೇ ಬಂದು ಅಪ್ಪಳಿಸಿ ಉರಿಯಿತು.

ಬಾಯ್ಲರ್, ಎಂಜಿನ್ ಕಡೆಯ ಹಬೆಯ ಪೈಪ್‌ಗಳು ಒಡೆದವು. ಅಧಿಕ ಒತ್ತಡದ ಹಬೆ ಅಂದರೆ ಕಣ್ಣಿಗೆ ಕಾಣದ ಬೆಂಕಿ, ಚರ್ಮವನ್ನೇ ಬೇಯಿಸುತ್ತದೆ. ಬಾಯ್ಲರ್ ವಿಭಾಗದ ಹಿರಿಯ ನಾವಿಕ ಆಸ್ಕರ್ ಪೀಟರ್ಸನ್ ಒಂದು ದುರಸ್ತಿ ತಂಡದ ಮುಖ್ಯಸ್ಥ. ತಂಡದ ಉಳಿದವರೆಲ್ಲ ಗಾಯಗೊಂಡು ಬಿದ್ದಿದ್ದರು, ತನಗೂ ಪೆಟ್ಟಾಗಿತ್ತು. ಆದರೂ ಹಬೆಯ ಮಧ್ಯೆ ಒಬ್ಬನೇ ನುಗ್ಗಿ ವಾಲ್ವ್‌ಗಳನ್ನು ಮುಚ್ಚಿದ. ಮೈಯೆಲ್ಲ ಇನ್ನಷ್ಟು ಸುಟ್ಟಿತು. ಮೇ 13ರಂದು ತೀರಿಕೊಂಡ. ಅಮೆರಿಕದ ಅತಿ ದೊಡ್ಡ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಅವನಿಗೆ ಮರಣೋತ್ತರವಾಗಿ ಸಿಕ್ಕಿತು.

ಮುಳುಗದ ಹಡಗು, ತಪ್ಪಿದ ವಿಳಾಸ

ಏಳು ಬಾಂಬ್ ಬಿದ್ದರೂ ನಿಯೋಶೋ ಮುಳುಗಲಿಲ್ಲ. ಇದು ಟ್ಯಾಂಕರ್‌ಗಳ ವಿಶೇಷ. ಒಳಗೆ ಗೋಡೆ ಹಾಕಿ ಬೇರ್ಪಡಿಸಿದ ಹತ್ತಾರು ಟ್ಯಾಂಕ್‌ಗಳಿರುತ್ತವೆ. ಒಂದು ಒಡೆದರೆ ನೀರು ಅದಕ್ಕೇ ಸೀಮಿತ. ಎಣ್ಣೆ ನೀರಿಗಿಂತ ಹಗುರ, ಹಾಗಾಗಿ ತುಂಬಿದ ಟ್ಯಾಂಕ್ ಕೂಡ ತೇಲಲು ಒಂದಿಷ್ಟು ಸಹಾಯ ಮಾಡುತ್ತದೆ. ಹಿಂದಿನ ದಿನ ಯಾರ್ಕ್‌ಟೌನ್‌ಗೆ ಎಣ್ಣೆ ಕೊಟ್ಟು ಹಲವು ಟ್ಯಾಂಕ್ ಬರಿದಾಗಿದ್ದವು. ಖಾಲಿ ಟ್ಯಾಂಕ್‌ನ ಗಾಳಿ ಹಡಗನ್ನು ಎತ್ತಿ ಹಿಡಿಯಿತು. ಎಂಜಿನ್ ಸತ್ತು, ಒಂದು ಪಕ್ಕಕ್ಕೆ ವಾಲಿ, ಗಾಳಿ ಕರೆದ ಕಡೆ ತೇಲತೊಡಗಿತು.

ಆದರೆ ಬಹಳಷ್ಟು ಜನ ಸತ್ತದ್ದು ಬಾಂಬ್‌ನಿಂದಲ್ಲ, ಗೊಂದಲದಿಂದ. ಫಿಲಿಪ್ಸ್ ಕೊಟ್ಟ ಆಜ್ಞೆ, ಹಡಗು ಬಿಡಲು ತಯಾರಾಗಿ ಕಾಯಿರಿ ಅಂತ. ಬೆಂಕಿ, ಹೊಗೆ, ಕಿರುಚಾಟದ ನಡುವೆ ಕೆಲವರಿಗೆ ಕೇಳಿಸಿದ್ದು ಹಡಗು ಬಿಡಿ ಅಂತ. ಅವರು ನೀರಿಗೆ ಹಾರಿದರು, ತೆಪ್ಪಗಳನ್ನು ಇಳಿಸಿದರು. ತೆಪ್ಪಗಳು ಗಾಳಿಗೆ ದೂರ ಹೋದವು. ದೋಣಿ ಕಳಿಸಿ ಕೆಲವರನ್ನು ಮರಳಿ ತಂದರು, ಎಲ್ಲರನ್ನೂ ಅಲ್ಲ. ಮರುದಿನ ತಲೆ ಎಣಿಸಿದಾಗ 150ಕ್ಕೂ ಹೆಚ್ಚು ಮಂದಿ ಕಾಣೆ.

ಇದರ ಮೇಲೆ ಇನ್ನೊಂದು ಎಡವಟ್ಟು. ದಾಳಿಯ ನಂತರ ರೇಡಿಯೊದಲ್ಲಿ ತಿಳಿಸಿದ ಸ್ಥಾನವೇ ತಪ್ಪು. ನಕ್ಷೆಯ ಮೇಲೆ ಗುರುತು ಹಾಕುವಾಗ ಆದ ಲೆಕ್ಕದ ತಪ್ಪು, ಹತ್ತಾರು ಮೈಲಿ ವ್ಯತ್ಯಾಸ. ಫ್ಲೆಚರ್ ಕಳಿಸಿದ ಮೊನಹನ್ ಅನ್ನುವ ಡೆಸ್ಟ್ರಾಯರ್ ಹೇಳಿದ ಜಾಗಕ್ಕೆ ಹೋಗಿ ಹುಡುಕಿತು. ಖಾಲಿ ಸಮುದ್ರ. ಸಮುದ್ರದಲ್ಲಿ ಹತ್ತಾರು ಮೈಲಿ ಅಂದರೆ ಬೇರೆ ಊರೇ. ಜೊತೆಗೆ ಹಡಗು ದಿನವೂ ತೇಲುತ್ತಾ ಮುಂದೆ ಹೋಗುತ್ತಿತ್ತು.

ನಾಲ್ಕು ದಿನ ಹೀಗೇ ಕಳೆಯಿತು. ಗಾಯಾಳುಗಳು ಒಬ್ಬೊಬ್ಬರಾಗಿ ಸಾಯುತ್ತಿದ್ದರು, ಅವರನ್ನು ಸಮುದ್ರಕ್ಕೆ ಒಪ್ಪಿಸುತ್ತಿದ್ದರು. ವಾಲಿದ ಹಡಗು ಯಾವಾಗ ಮುರಿಯುತ್ತದೋ ಅಂತ ಭಯ. ಕೊನೆಗೆ ಆಸ್ಟ್ರೇಲಿಯಾದ ವಿಮಾನವೊಂದಕ್ಕೆ ಕಂಡಿತು, ನಂತರ ಅಮೆರಿಕದ ಒಂದು ಕ್ಯಾಟಲಿನಾ ವಿಮಾನಕ್ಕೆ. ಮೇ 11ರ ಮಧ್ಯಾಹ್ನ ಹೆನ್ಲಿ ಅನ್ನುವ ಡೆಸ್ಟ್ರಾಯರ್ ಬಂದು 123 ಜನರನ್ನು ಹತ್ತಿಸಿಕೊಂಡಿತು. ನಿಯೋಶೋವನ್ನು ಎಳೆದೊಯ್ಯುವ ಸ್ಥಿತಿ ಇರಲಿಲ್ಲ. ಹೆನ್ಲಿಯೇ ಟಾರ್ಪೆಡೊ ಮತ್ತು ತೋಪುಗಳಿಂದ ಅದನ್ನು ಮುಳುಗಿಸಿತು.

ತೆಪ್ಪಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ಒಟ್ಟಿಗೆ ಕಟ್ಟಿಕೊಂಡ ತೆಪ್ಪಗಳಲ್ಲಿ 68 ಜನರಿದ್ದರು. ಬಹುಪಾಲು ನೀರಿಲ್ಲ, ಊಟವಿಲ್ಲ, ತಲೆಯ ಮೇಲೆ ಸೂರ್ಯ. ಮೇ 16ರಂದು ಹೆಲ್ಮ್ ಅನ್ನುವ ಡೆಸ್ಟ್ರಾಯರ್ ಕಂಡಾಗ ಉಸಿರಾಡುತ್ತಿದ್ದವರು ನಾಲ್ವರು. ಅವರಲ್ಲೂ ಇಬ್ಬರು ಆಮೇಲೆ ತೀರಿಕೊಂಡರು.

ನಷ್ಟ ಯಾರಿಗೆ, ಲಾಭ ಯಾರಿಗೆ?

ಕಾಳಗದ ಲೆಕ್ಕ ಹಾಕುವವರು ನಿಯೋಶೋ ಜಪಾನಿಗಳ ದಾಳಿಯನ್ನು ತನ್ನ ಕಡೆ ಸೆಳೆದು ವಿಮಾನವಾಹಕಗಳನ್ನು ಉಳಿಸಿತು ಅನ್ನುತ್ತಾರೆ. ನಿಜವೇ. ಆ 78 ವಿಮಾನ ಆ ಬೆಳಗ್ಗೆ ಸರಿಯಾದ ಕಡೆ ಹೋಗಿದ್ದರೆ ಲೆಕ್ಸಿಂಗ್ಟನ್, ಯಾರ್ಕ್‌ಟೌನ್ ಎರಡಕ್ಕೂ ಕಷ್ಟವಿತ್ತು. ದಿನ ವ್ಯರ್ಥವಾದ ಸಿಟ್ಟಿಗೆ ಹಾರಾ ಸಂಜೆ ಇನ್ನೊಂದು ಪ್ರಯತ್ನ ಮಾಡಿದರು. ದಣಿದ ಪೈಲಟ್‌ಗಳು ಕತ್ತಲಲ್ಲಿ ದಿಕ್ಕು ತಪ್ಪಿ, ಕೆಲವರು ಯಾರ್ಕ್‌ಟೌನ್ ಅನ್ನೇ ತಮ್ಮ ಹಡಗು ಅಂತ ಇಳಿಯಲು ನೋಡಿದರು. ಹಲವು ವಿಮಾನ ಹೋದವು.

ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ಮೇ 7ರ ಮಧ್ಯಾಹ್ನದ ನಂತರ ಫ್ಲೆಚರ್‌ಗೆ ಹತ್ತಿರದಲ್ಲಿ ಎಣ್ಣೆ ಕೊಡುವ ಹಡಗೇ ಇರಲಿಲ್ಲ. ಮರುದಿನದ ಕಾಳಗದಲ್ಲಿ ಲೆಕ್ಸಿಂಗ್ಟನ್ ಮುಳುಗಿತು, ಯಾರ್ಕ್‌ಟೌನ್‌ಗೆ ಬಾಂಬ್ ಬಿದ್ದು ಎಣ್ಣೆ ಟ್ಯಾಂಕ್‌ಗಳು ಸೋರತೊಡಗಿದವು. ಅಲ್ಲೇ ಉಳಿದು ಬೆನ್ನಟ್ಟುವ ಮಾತಿರಲಿ, ಮನೆ ತಲುಪುವುದೇ ಲೆಕ್ಕದ ವಿಷಯವಾಯಿತು. ಯಾರ್ಕ್‌ಟೌನ್ ಟೊಂಗಾದ ಟೊಂಗಟಾಬು ದ್ವೀಪದಲ್ಲಿ ನಿಂತು ಎಣ್ಣೆ ಪಡೆದು ಮೇ 27ರಂದು ಪರ್ಲ್ ಹಾರ್ಬರ್ ಸೇರಿತು. ಅವಸರದ ರಿಪೇರಿ ಮಾಡಿಸಿಕೊಂಡು ಮೂರೇ ದಿನದಲ್ಲಿ ಮತ್ತೆ ಹೊರಟಿತು. ಈ ಸಲ ಮಿಡ್‌ವೇ ದ್ವೀಪದ ಕಡೆಗೆ.

ಅಲ್ಲಿಗೆ ಎರಡು ಟ್ಯಾಂಕರ್‌ಗಳು ಮೊದಲೇ ಹೋಗಿ ಕಾಯುತ್ತಿದ್ದವು. ಒಂದು ಸಿಮರಾನ್, ಇನ್ನೊಂದು ಪ್ಲಾಟ್. ನಿಯೋಶೋದ ಜೊತೆಗೆ 1939ರಲ್ಲಿ ಸೇವೆಗೆ ಬಂದ ಅದೇ ಅಕ್ಕತಂಗಿಯರು. ಜೂನ್ ಮೊದಲ ದಿನಗಳಲ್ಲಿ ಯಾರ್ಕ್‌ಟೌನ್ ತಂಡಕ್ಕೆ ಎಣ್ಣೆ ತುಂಬಿಸಿ ಆ ಎರಡೂ ಹಡಗು ದೂರ ಸರಿದವು. ಜೂನ್ 4ರಂದು ಜಪಾನಿನ ನಾಲ್ಕು ವಿಮಾನವಾಹಕಗಳಿಗೆ ಬಾಂಬ್ ಬಿತ್ತು.